ಎರಡು ಎತ್ತು, ಒಂದು ಮಂತ್ರ

ಮದುವೆಯಾಗಿ ನಾಗಲದಿನ್ನೆಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ಅಡಿಗೆ ಎರಡು ಕಟ್ಟು ಕಾರ್ಡುಗಳಿದ್ದವು. ಇಸ್ಪೀಟಲ್ಲ. ಕರ್ನೂಲಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಹುಡುಗಿ ಕಲಿಸಿದ ಆಟ ಅದು. ಒಂದೊಂದು ಕಾರ್ಡಿನ ಮೇಲೂ ಒಂದೊಂದು ಚಿತ್ರ: ರೆಕ್ಕೆಯ ಹಾವು, ಕೋಡಿನ ಮೃಗ, ಅಂಗೈಯಲ್ಲಿ ಬೆಂಕಿ ಹಿಡಿದ ಮುದುಕಿ. ಕೆಳಗೆ ಆ ಕಾರ್ಡು ಏನು ಮಾಡುತ್ತದೆಂಬ ಬರಹ. ಇಬ್ಬರು ಎದುರುಬದುರು ಕೂತು, ತಂತಮ್ಮ ಮೃಗಗಳನ್ನು ಮುಂದಿಟ್ಟುಕೊಂಡು, ಒಬ್ಬರ ಮೇಲೊಬ್ಬರು ಮಂತ್ರ ಹಾಕಬೇಕು. ಸತ್ತ ಕಾರ್ಡು ಪಕ್ಕದ ಗುಡ್ಡೆಗೆ ಹೋಗುತ್ತದೆ. ಆ ಗುಡ್ಡೆಯನ್ನು ನಾವು ಸುಡುಗಾಡು ಅಂತ ಕರೆಯುತ್ತಿದ್ದೆವು.

ನಾನು ಹುಟ್ಟಿದ್ದು, ಬೆಳೆದದ್ದು ಆದೋನಿಯಲ್ಲಿ. ಹತ್ತಿ ಮಿಲ್ಲುಗಳ ಸದ್ದು, ತೇರಿನಂಥ ಲಾರಿಗಳು, ಕನ್ನಡ ತೆಲುಗು ಉರ್ದು ಮೂರೂ ಒಂದೇ ಉಸಿರಿನಲ್ಲಿ ಬರುವ ಬಜಾರು. ಅಲ್ಲಿ ಹೆಣ್ಣುಮಕ್ಕಳು ಕಾರ್ಡು ಹಿಡಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾಗಲದಿನ್ನೆ ಹೊಳೆದಂಡೆಯ ಊರು. ನನ್ನ ಗಂಡ ಎಮ್ಮಿಗನೂರಿನ ಬೀಜದಂಗಡಿಗೆ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನಾನು ನಂದವರಂನ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗುತ್ತಿದ್ದೆ. ಭಾನುವಾರ ಮಾತ್ರ ನನ್ನದು. ಆ ಭಾನುವಾರವನ್ನು ನಾನು ಕೊಟ್ಟದ್ದು ನನ್ನ ನಾದಿನಿಗೆ.

ಅವಳು ಡಿಗ್ರಿ ಮುಗಿಸಿ, ಸರ್ಕಾರಿ ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದಳು. ನನ್ನನ್ನು ಅತ್ತಿಗೆ ಅನ್ನದೆ ತೆಲುಗಿನವರಂತೆ 'ವದಿನಾ' ಅಂತಲೇ ಕರೆಯುವಳು. ಆಟವನ್ನು ಎಷ್ಟು ಬೇಗ ಕಲಿತಳೆಂದರೆ, ಮಳೆಗಾಲ ಶುರುವಾಗುವಷ್ಟರಲ್ಲಿ ನನಗೇ ನಿಯಮ ಕೇಳಿ ಬೆವರಿಳಿಸುತ್ತಿದ್ದಳು. ಊಟವಾದ ಮೇಲೆ ಹಿತ್ತಲಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಹಿತ್ತಲಿಗೂ ಪಕ್ಕದ ಮನೆಯ ದನದ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ.

ಪಕ್ಕದ ಮನೆಯಾಕೆಯನ್ನು ಓಣಿಯವರೆಲ್ಲ ದೊಡ್ಡವ್ವ ಅನ್ನುತ್ತಿದ್ದರು. ಗಟ್ಟಿ ಹೆಂಗಸು. ಊರಿನ ಹೊಲಗಳೆಲ್ಲ ಟ್ರಾಕ್ಟರಿಗೆ ಒಲಿದಿದ್ದರೂ ಆಕೆಯ ಮನೆಯಲ್ಲಿ ಮಾತ್ರ ಒಂದು ಜೋಡಿ ಬಿಳಿ ಎತ್ತು ಇದ್ದವು. ಅವನ್ನು ತವರಿನಿಂದ, ಹೊಳೆಯಾಚೆಯ ತಮ್ಮನ ಮನೆಯಿಂದ, ಕರುಗಳಾಗಿದ್ದಾಗ ಹೊಡೆದುಕೊಂಡು ಬಂದಿದ್ದಳಂತೆ. ಗಂಡ ಮಾತು ಕಡಿಮೆಯ ಮನುಷ್ಯ. ಎತ್ತುಗಳ ಜೊತೆ ಮಾತಾಡುವುದೆಲ್ಲ ಆಕೆಯೇ.

ಒಂದು ಭಾನುವಾರ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನಾದಿನಿಯ ಮುಂದೆ ಎರಡು ಕೋಡಿನ ಮೃಗಗಳು. ಹೆಸರು ಬಾಯಿಗೆ ಬರುವಂಥದ್ದಲ್ಲ, ಅದಕ್ಕೇ ಅವಳು ಅವನ್ನು ಎತ್ತು ಅಂತಲೇ ಕರೆಯುವಳು. ಒಂದೊಂದೂ ಎರಡು ಏಟು ತಡೆಯುತ್ತಿತ್ತು, ಮೂರನೆಯದಕ್ಕೆ ಸಾಯುತ್ತಿತ್ತು. ನನ್ನ ಕೈಯಲ್ಲಿ ಬೆಂಕಿಯ ಮಂತ್ರವಿತ್ತು. ಆರು ಏಟು, ಬೇಕಾದವರ ಮೇಲೆ ಹಂಚಬಹುದು. ಆದರೆ ಯಾರ ಮೇಲೆ, ಯಾರಿಗೆ ಎಷ್ಟು ಅನ್ನುವುದನ್ನು ಮಂತ್ರ ಹಾಕುವಾಗಲೇ ಬಾಯಿ ಬಿಟ್ಟು ಹೇಳಬೇಕು. ಹೇಳಿದ ಮೇಲೆ ಬದಲಿಸುವಂತಿಲ್ಲ. ಹೇಳುವುದಕ್ಕೂ ಏಟು ಬೀಳುವುದಕ್ಕೂ ನಡುವೆ ಎದುರಿನವರಿಗೆ ಏನಾದರೂ ಮಾಡಿಕೊಳ್ಳಲು ಒಂದು ಅವಕಾಶವಿರುತ್ತದೆ.

"ಎರಡೂ ಎತ್ತಿಗೆ ಗುರಿ ಇಟ್ಟೀನಿ," ಅಂದೆ. "ಅದಕ್ಕ ಮೂರು, ಇದಕ್ಕ ಮೂರು."

ಅವಳು ನಕ್ಕಳು. ತನ್ನದೇ ಮೃಗವೊಂದನ್ನು ಬಲಿ ಕೊಟ್ಟರೆ ಎರಡು ಹೊಸ ಕಾರ್ಡು ಸಿಗುವಂಥ ಕಾರ್ಡೊಂದು ಅವಳ ಕೈಯಲ್ಲಿತ್ತು. ಅದನ್ನು ಚಾಪೆಗೆ ಬಡಿದಳು.

"ತಗೋ, ಒಂದು ಎತ್ತು ನಾನ ಸುಡುಗಾಡಿಗೆ ಕಳಿಸೀನಿ! ಈಗ ನಿನ್ನ ಮಂತ್ರ ಕೆಟ್ಟು ಹೋಯ್ತು, ವದಿನಾ. ಎರಡು ಗುರಿಯೊಳಗ ಒಂದು ಇಲ್ಲ."

"ಕೆಡಂಗಿಲ್ಲ. ಒಂದು ಮೊದಲ ಸತ್ತರೂ ಮಂತ್ರ ನಿಲ್ಲಂಗಿಲ್ಲ. ಉಳಿದದ್ದಕ್ಕ ತಾಕೇ ತಾಕ್ತೈತಿ."

"ಸುಳ್ಳು!"

"ಖರೇ. ಉಳಿದ ಎತ್ತೂ ಹೋಯ್ತು ಅಂತ ತಿಳ್ಕೋ."

ಜಗಳ ಜೋರಾಯಿತು, ನಗುನಗುತ್ತಲೇ. ಗೋಡೆಯಾಚೆ ಕಲಗಚ್ಚಿನ ಬಕೇಟು ನೆಲಕ್ಕೆ ಕುಕ್ಕಿದ ಸದ್ದು ಕೇಳಿತು. ನಾನು ಹೊರಳಿ ನೋಡಿದೆ. ದೊಡ್ಡವ್ವ ಬೆನ್ನು ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಎಂದೂ ಹಾಗೆ ಮಾತಾಡಿಸದೆ ಹೋದವಳಲ್ಲ.

ಮರುದಿನ ನಾನು ಶಾಲೆಯಿಂದ ಬರುವಾಗ ಓಣಿಯಲ್ಲಿ ಜನ ನಿಂತಿದ್ದರು. ದೊಡ್ಡವ್ವನ ಎತ್ತುಗಳಲ್ಲಿ ಒಂದು ಸತ್ತಿತ್ತು. ಬೆಳಿಗ್ಗೆ ಮೇವು ಮುಟ್ಟಲಿಲ್ಲವಂತೆ, ಕೊರಳು ಊದಿಕೊಂಡು ಗೊರಗೊರ ಅಂದು, ಮಧ್ಯಾಹ್ನಕ್ಕೆ ನೆಲ ಹಿಡಿಯಿತಂತೆ. ನಾನು ಚಪ್ಪಲಿ ಬಿಟ್ಟು ನೋಡಲು ಹೋದೆ. ಗುಂಪು ನನಗೆ ದಾರಿ ಬಿಟ್ಟಿತು. ಗೌರವಕ್ಕೆ ಬಿಡುವ ದಾರಿಯಲ್ಲ ಅದು; ಮೈ ತಾಕದಿರಲಿ ಅಂತ ಬಿಡುವ ದಾರಿ. ಸತ್ತ ಎತ್ತಿನ ಪಕ್ಕ ದೊಡ್ಡವ್ವ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನ ಕಾಲಿನಿಂದ ಮುಖದವರೆಗೂ ನಿಧಾನವಾಗಿ ಕಣ್ಣೆತ್ತಿದಳು.

"ಇನ್ನೊಂದು ಉಳಿದೈತಿ," ಅಂದಳು, ಅಷ್ಟೇ.

ನಂದವರಂನಿಂದ ದನದ ಡಾಕ್ಟರು ಬಂದರು. ಗಂಟಲು ಬ್ಯಾನಿ, ಮಳೆಗಾಲದಲ್ಲಿ ಬರುವ ಅಂಟುರೋಗ ಅಂದರು. ಉಳಿದ ಎತ್ತಿಗೂ ಮೈ ಸುಡುತ್ತಿತ್ತು. ಸೂಜಿ ಹಾಕಿ, ನಾಳೆಯೂ ಬರುತ್ತೇನೆ, ಇದನ್ನು ಬೇರೆ ದನದ ಹತ್ತಿರ ಬಿಡಬೇಡಿ ಅಂತ ತೆಲುಗಿನಲ್ಲಿ ಎರಡೆರಡು ಸಲ ಹೇಳಿ ಹೋದರು. ಎಲ್ಲರೂ ತಲೆಯಾಡಿಸಿದರು. ಡಾಕ್ಟರ ಗಾಡಿ ತಿರುವು ದಾಟಿದ ಮೇಲೆ ಯಾರೋ ಹೆಂಗಸು ಅಂದಳು: "ಬ್ಯಾನಿ ಬರೋದು ಬರ್ತೈತಿ, ಕರದವರು ಯಾರು ಅಂತ ಕೇಳಬೇಕಲ್ಲ."

ಮಾಟಕ್ಕೆ ನಮ್ಮ ಕಡೆ ಓಡಾಡುವುದು ತೆಲುಗಿನ ಮಾತೇ: ಚೇತಬಡಿ. ಆ ಮಾತನ್ನು ನನ್ನೆದುರು ಯಾರೂ ಆಡಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮುಂದಿದ್ದವರು ಕೊಡ ಎತ್ತಿಕೊಂಡು, "ನೀನು ತುಂಬಿಕೋ ಯವ್ವಾ" ಅನ್ನುತ್ತಿದ್ದರು. ಯಾವತ್ತೂ ಜಗಳವಾಡದೆ ಒಂದು ಕೊಡ ನೀರು ಬಿಟ್ಟುಕೊಡದ ಹೆಂಗಸರು. ತುಂಬುವ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಕೊಡಕ್ಕೇ ತಿರುಗಿ ಬಂದೆ.

ನಮ್ಮತ್ತೆ ಖಾರದ ನಾಲಿಗೆಯವಳು, ಆದರೆ ಮಾಟಗೀಟ ನಂಬಿದವಳಲ್ಲ. ಎತ್ತು ಸತ್ತ ಮರುದಿನ ಬೆಳಿಗ್ಗೆ ಹೊಸ್ತಿಲ ಮುಂದೆ ಕುಂಕುಮ ಮೆತ್ತಿದ ಕೊಯ್ದ ನಿಂಬೆಹಣ್ಣು ಬಿದ್ದಿದ್ದನ್ನು ನೋಡಿ, ಪೊರಕೆಯಿಂದ ಗುಡಿಸಿ ಚರಂಡಿಗೆ ತಳ್ಳಿದಳು. ನನ್ನನ್ನೂ ನಾದಿನಿಯನ್ನೂ ಒಳಗೆ ಕರೆದು ಕೂರಿಸಿದಳು.

"ಹಿತ್ತಲದಾಗ ಏನು ಒದರಿಕೊಂಡ್ರಿ ನೀವಿಬ್ಬರು?"

ನಾದಿನಿ ನಡೆದದ್ದನ್ನು ಹೇಳಿದಳು. ಎತ್ತು, ಸುಡುಗಾಡು, ಒಂದು ಸತ್ತರೂ ಇನ್ನೊಂದಕ್ಕೆ ತಾಕುವ ಮಂತ್ರ. ಹೇಳುತ್ತ ಹೇಳುತ್ತ ಅವಳ ದನಿ ತಾನಾಗಿ ಇಳಿಯಿತು. ಹಿತ್ತಲಲ್ಲಿ ಆಟವಾಗಿದ್ದ ಮಾತು ಅಡುಗೆಮನೆಯ ಕತ್ತಲಲ್ಲಿ ಬೇರೆಯೇ ಮಾತಾಗಿ ಕೇಳಿತು. ಅತ್ತೆ ಹಣೆ ಹಿಡಿದುಕೊಂಡಳು.

"ಊರು ಬಾಯಿ ಮಾಡಿದರ ಚಿಂತಿಲ್ಲ. ಸುಮ್ಮನ ಆದರ ಅಂಜಬೇಕು. ಈಗ ಸುಮ್ಮನ ಆಗೈತಿ," ಅಂದಳು. "ಆ ಆಟದ ಎಲಿ ಒಯ್ದು ಹೊಳಿಗೆ ಹಾಕ್ರಿ."

"ಹೊಳಿಗೆ ಹಾಕಿದರ ಅಂಜಿ ಹಾಕಿದ್ರು ಅಂತಾರ, ಅವ್ವ," ನಾದಿನಿ ಅಂದಳು. "ಒಯ್ದು ತೋರಿಸಿ ಬಿಡೋಣ. ಆಟ ಅಂತ ಗೊತ್ತಾದರ ಮುಗೀತಲ್ಲ."

ನನಗೂ ಅದೇ ಸರಿ ಅನ್ನಿಸಿತು. ಡಾಕ್ಟರು ಎರಡನೇ ಸೂಜಿ ಹಾಕಿಹೋದ ಸಂಜೆ ನಾವಿಬ್ಬರೂ ಕಾರ್ಡಿನ ಕಟ್ಟು ಹಿಡಿದುಕೊಂಡು ಪಕ್ಕದ ಮನೆಯ ಕಟ್ಟೆಗೆ ಹೋದೆವು. ದೊಡ್ಡವ್ವ ಸಜ್ಜೆ ಕೇರುತ್ತಿದ್ದಳು. ಓಣಿಯ ಆರೇಳು ಹೆಂಗಸರು ಕರೆಯದೆಯೇ ಬಂದು ದೂರದಲ್ಲಿ ನಿಂತರು. ನಾನು ಕಾರ್ಡುಗಳನ್ನು ಹರಡಿದೆ. ಇದು ಹುಡುಗಿಯರ ಆಟ, ದೊಡ್ಡವ್ವ, ರಟ್ಟಿನ ಎಲೆ, ಅಂಗಡಿಯಲ್ಲಿ ಸಿಗುತ್ತದೆ ಅಂದೆ. ಬೆಂಕಿ ಹಿಡಿದ ಮುದುಕಿಯ ಚಿತ್ರ ನೋಡಿ ದೂರದಲ್ಲಿದ್ದವಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡವ್ವ ಮಾತ್ರ ಮೊರ ಕೆಳಗಿಟ್ಟು, ಕೋಡಿನ ಮೃಗಗಳ ಎರಡು ಕಾರ್ಡನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಇವು ಎರಡು ಎತ್ತು."

"ಹೂಂ, ದೊಡ್ಡವ್ವ. ಆಟದಾಗ."

"ನೀನು ಎರಡಕ್ಕೂ ಹಾಕಿದಿ. ಒಂದು ಹೋಯ್ತು. ಅದರ ಪಾಲಿಂದೂ ಈಗ ಇದರ ಮ್ಯಾಲ ಬೀಳ್ತೈತೇನು?"

ನಾದಿನಿಗೆ ಉತ್ಸಾಹ ಬಂತು. ಯಾರೋ ಆಟದ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದರು. "ಇಲ್ಲ ದೊಡ್ಡವ್ವ, ಸತ್ತದ್ದರ ಪಾಲು ಸತ್ತದ್ದರ ಜೋಡಿ ಹೋಯ್ತು. ಬದುಕಿದ್ದಕ್ಕ ಅದರದಷ್ಟ."

"ಅದರದು ತಪ್ಪಂಗಿಲ್ಲ."

"ತಪ್ಪಂಗಿಲ್ಲ."

"ಮಂತ್ರ ಬಂದು ಮುಟ್ಟೋ ಹೊತ್ತಿಗೆ ಇದೂ ಇಲ್ಲಿ ಇಲ್ಲದಿದ್ದರ?"

ನಾನು ನಾದಿನಿಯ ಮೊಣಕಾಲು ಒತ್ತಿದೆ. ಅವಳಿಗೆ ತಿಳಿಯಲಿಲ್ಲ. "ಎರಡೂ ಇಲ್ಲಾಂದ್ರ ಮಂತ್ರ ಹುಸಿ. ಏನೂ ಆಗಂಗಿಲ್ಲ," ಅಂದುಬಿಟ್ಟಳು.

ದೊಡ್ಡವ್ವ ಎರಡೂ ಕಾರ್ಡನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟಳು. ಆಕೆಯ ಮುಖ ತಿಳಿಯಾಗಿತ್ತು. ಎದ್ದು ಕೊಟ್ಟಿಗೆಯ ಕಡೆ ನೋಡಿದಳು. ಹೆಂಗಸರು ಚದುರಿದರು. ಮನೆಗೆ ಬರುವಾಗ ನಾದಿನಿ, "ನೋಡಿದ್ಯಾ, ತಿಳಿದೈತಿ ಆಕಿಗೆ," ಅಂತ ಖುಷಿಯಲ್ಲಿದ್ದಳು. ತಿಳಿದದ್ದು ಹೌದು. ನಾನು ತಿರುಗಿ ಕೊಟ್ಟಿಗೆಯ ಕಡೆ ನೋಡಿದೆ.

ಬೆಳಗಾಗುವಷ್ಟರಲ್ಲಿ ಕೊಟ್ಟಿಗೆ ಖಾಲಿ. ದೊಡ್ಡವ್ವ ಎತ್ತನ್ನು ಟ್ರಾಕ್ಟರಿನ ಟ್ರಾಲಿಗೆ ಹತ್ತಿಸಿಕೊಂಡು, ಸೇತುವೆ ದಾಟಿ, ಹೊಳೆಯಾಚೆ ತಮ್ಮನ ಮನೆಗೆ ಒಯ್ದಿದ್ದಳು. ಡಾಕ್ಟರು ಬಂದು ಖಾಲಿ ಗೂಟ ನೋಡಿ ಆಕೆಯ ಗಂಡನ ಮೇಲೆ ಸಿಡಿದರು. ಜ್ವರದ ದನವನ್ನು ಹತ್ತು ದನದ ನಡುವೆ ಒಯ್ದು ಕಟ್ಟಿದರೆ ಏನಾಗುತ್ತದೆ ಗೊತ್ತೇನಯ್ಯಾ ಅಂದರು. ಆತ ಗೋಡೆಯ ಮೇಲಿಂದ ನಮ್ಮ ಹಿತ್ತಲ ಕಡೆ ಒಮ್ಮೆ ನೋಡಿ, "ಅಲ್ಲಿದ್ದರ ಉಳೀತೈತಂತ ಸಾರ್," ಅಂದ.

ನಾನು ಆಟೋ ಮಾಡಿಕೊಂಡು ಹೋಗಿ ಎತ್ತನ್ನು ಬೇರೆ ಕಟ್ಟಿಸಿ ಬರುತ್ತೇನೆ ಅಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ನೀನು ಕಾಲಿಟ್ಟ ಮನಿಯಾಗ ಒಂದು ಕೋಳಿ ಸತ್ತರೂ ನಿನ್ನ ಜೀವಂತ ಬಿಡಂಗಿಲ್ಲ. ಗೊತ್ತಾಯ್ತೇನು?" ಅತ್ತೆಯ ಕಣ್ಣಲ್ಲಿ ಭಯ ನೋಡಿದ್ದು ಅದೇ ಮೊದಲು. ಗಂಡ ಆಚೆಯ ಊರಿನ ಪರಿಚಯದವರೊಬ್ಬರಿಗೆ ಫೋನು ಮಾಡಿದ. ಹೇಳುತ್ತೇವೆ ಅಂದರು. ಹೇಳಿದರೋ ಇಲ್ಲವೋ.

ಎತ್ತು ಬದುಕಿತು. ಎರಡು ಸೂಜಿ ಕೆಲಸ ಮಾಡಿದ್ದವು ಅನ್ನಿಸುತ್ತದೆ. ಆದರೆ ತಮ್ಮನ ಮನೆಯ ಹಾಲು ಕೊಡುವ ಎಮ್ಮೆಯ ಕೊರಳು ಊದಿತು. ಅದು ಸತ್ತಿತು. ಅದರ ಹಿಂದೆ ಅದರ ಕರುವೂ ಸತ್ತಿತು. ತಮ್ಮನ ಹೆಂಡತಿ, ಜೊತೆಗೆ ಅಲ್ಲೇ ಇದ್ದ ಆಕೆಯ ತಾಯಿ, ಇಬ್ಬರೂ ಸೇರಿ ದೊಡ್ಡವ್ವನನ್ನು ಬಾಯಿಗೆ ಬಂದಂತೆ ಬೈದು, ನಿನ್ನೂರ ಪೀಡೆ ನಮ್ಮನೆಗೆ ತಂದು ಕಟ್ಟಿದಿ, ಇನ್ನು ಈ ಹೊಸ್ತಿಲು ತುಳಿಯಬೇಡ ಅಂದರಂತೆ. ತಮ್ಮ ನಿಂತು ನೋಡಿದನಂತೆ. ದೊಡ್ಡವ್ವ ಎತ್ತು ಹೊಡೆದುಕೊಂಡು ನಡೆದೇ ಸೇತುವೆ ದಾಟಿ ಬಂದಳು. ಓಣಿಯಲ್ಲಿ ಆಕೆ ಬರುವುದನ್ನು ನಾನು ಕಿಟಕಿಯಿಂದ ನೋಡಿದೆ. ನಮ್ಮ ಮನೆಯ ಮುಂದೆ ಬಂದಾಗ ಎತ್ತು ನಿಂತಿತು. ಆಕೆಯೂ ನಿಂತಳು. ಬೈಯುತ್ತಾಳೆ, ಕಲ್ಲೆಸೆಯುತ್ತಾಳೆ ಅಂದುಕೊಂಡೆ. ಕಿಟಕಿಗೆ ಕೈಯೆತ್ತಿ ಮುಗಿದು ಮುಂದೆ ಹೋದಳು.

ಕಲ್ಲೆಸೆದಿದ್ದರೇ ಚೆನ್ನಾಗಿತ್ತು.

ಅತ್ತೆ, ನಾದಿನಿ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ದೊಡ್ಡವ್ವ ಬಂದಳು. ಒಳಗೆ ಬಂದು ಕದ ಮುಂದಕ್ಕೆ ಎಳೆದಳು. ನಾನು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. ಆಕೆ ನೆಲದ ಮೇಲೆ, ನನಗಿಂತ ಕೆಳಗೆ ಕೂತಳು. ನಾನು ಕುರ್ಚಿಯಿಂದ ಇಳಿಯಲು ಹೋದೆ, ಬ್ಯಾಡ ಅಂತ ಕೈ ಮಾಡಿದಳು.

"ನೀ ಖರೇನ ಹೇಳಿದ್ದಿ. ಎತ್ತು ಜಾಗ ಬಿಟ್ಟಿತು, ಉಳೀತು," ಅಂದಳು.

"ದೊಡ್ಡವ್ವ, ಅದು ಸೂಜಿಯಿಂದ ಉಳಿದದ್ದು. ಡಾಕ್ಟರು..."

"ಆಗ್ಲಿ ಯವ್ವಾ." ಮಗುವನ್ನು ಸಮಾಧಾನ ಮಾಡುವ ದನಿ. "ನಾನೊಂದು ಕೇಳಾಕ ಬಂದೀನಿ. ತಮ್ಮನ ಮನಿಯಾಗ ಇಬ್ಬರು ಅದಾರ. ತಾಯಿ, ಮಗಳು. ಇಬ್ಬರ ಮ್ಯಾಲೂ ಒಂದ ಸಲ ಹಾಕು. ಒಬ್ಬಾಕಿ ತಪ್ಪಿಸಿಕೊಂಡರೂ ಇನ್ನೊಬ್ಬಾಕಿಗೆ ತಾಕ್ತೈತಲ್ಲ. ನನಗ ಅಷ್ಟು ಸಾಕು."

ಹೊರಗೆ ಬಿಸಿಲು ಫಳಫಳ ಹೊಳೆಯುತ್ತಿತ್ತು. ಎಲ್ಲೋ ಟ್ರಾಕ್ಟರು ಹಾಡು ಹಾಕಿಕೊಂಡು ಹೋಯಿತು. ನನ್ನನ್ನು ಹೊಡೆಯಲು ಬರುತ್ತಾರೆಂದು ಇಷ್ಟು ದಿನ ಹೆದರಿದ್ದೆ. ಹೀಗೆ ಕೇಳಲು ಬರುತ್ತಾರೆಂದು ಒಂದು ಸಲವೂ ಹೊಳೆದಿರಲಿಲ್ಲ.

"ನಾ ಅಂಥದ್ದು ಮಾಡಂಗಿಲ್ಲ, ದೊಡ್ಡವ್ವ. ಎಂದೂ ಮಾಡಂಗಿಲ್ಲ. ಏಳು, ಮನಿಗೆ ಹೋಗು."

ಆಕೆ ಎದ್ದಳು. ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಬಾಗಿಲ ಹತ್ತಿರ ನಿಂತು ನನ್ನನ್ನು ಒಂದು ತರಹ ಮೆಚ್ಚುಗೆಯಿಂದಲೇ ನೋಡಿದಳು.

"ಮಾಡಂಗಿಲ್ಲ ಅಂದಿ. ನನಗ ಬರಂಗಿಲ್ಲ ಅಂತ ಅನ್ನಲಿಲ್ಲ ನೀನು," ಅಂದು ಕದ ತೆರೆದು ಹೋದಳು.

ಹಿಂದೆಯೇ ಓಡಿಹೋಗಿ, ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ ಅಂತ ಕೂಗಬೇಕು ಅನ್ನಿಸಿತು. ಓಣಿಯಲ್ಲಿ ಕೂಗಿದರೆ ಏನನ್ನು ಕೂಗಿದ ಹಾಗಾಗುತ್ತದೆ? ಹೋಗಲಿಲ್ಲ. ಗಂಡನಿಗೆ ಹೇಳಿದೆ. ಅವನು ಮೊದಲು ನಕ್ಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ. ಎಮ್ಮಿಗನೂರಿನಲ್ಲಿ ಮನೆ ನೋಡೋಣ ಅಂದ. ಅತ್ತೆಗೆ ಹೇಳಿದಾಗ ಆಕೆ ಒಂದೇ ಮಾತು ಕೇಳಿದಳು: "ಯಾರ ಹೆಸರು ಹೇಳಿದಳು?" ಹೇಳಿದೆ. ಅತ್ತೆ ಆಮೇಲೆ ಆ ಮಾತೇ ಎತ್ತಲಿಲ್ಲ.

ನಾದಿನಿಯ ವಿಷಯದಲ್ಲೂ ಒಂದು ನಡೆಯಿತು. ಸಿ. ಬೆಳಗಲ್‌ನ ಮನೆಯೊಂದರವರು ಅವಳನ್ನು ನೋಡಲು ಬಂದು, ಒಪ್ಪಿ, ಹೋಗುವಾಗ ಹೋಟೆಲಿನ ಹತ್ತಿರ ಚಹಾ ಕುಡಿಯಲು ನಿಂತರು. ಅಲ್ಲಿ ಏನು ಕೇಳಿದರೋ, ಆಮೇಲೆ ಫೋನು ಎತ್ತಲಿಲ್ಲ. ಅವಳು ಅತ್ತಳೆಂದೇನೂ ಅಲ್ಲ. ಪುಸ್ತಕ ಕಟ್ಟಿಕೊಂಡು ಕರ್ನೂಲಿಗೆ ಕೋಚಿಂಗಿಗೆ ಹೊರಟಳು. ಬಸ್ಸಿನ ಕಿಟಕಿಯಲ್ಲಿ ಬಗ್ಗಿ, "ವದಿನಾ, ನಿಯಮ ನಾ ತಪ್ಪು ಹೇಳಿದ್ದರ ಚಲೋ ಇತ್ತು ಅಲ್ಲಾ?" ಅಂದಳು. ಬಸ್ಸು ಹೊರಟಿತು.

ಚಳಿ ಶುರುವಾಗುವ ಹೊತ್ತಿಗೆ ದೊಡ್ಡವ್ವ ಒಂದು ಮೊರದ ತುಂಬ ಹಸಿ ಶೇಂಗಾ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟಳು. ಮಣ್ಣು ತೊಳೆದು, ಆರಿಸಿ ತಂದ ಶೇಂಗಾ. ನಾನು ಅಂಗಳ ಗುಡಿಸುತ್ತಿದ್ದೆ. ಓಣಿಯಲ್ಲಿ ನಾಲ್ಕು ಜನ ಇದ್ದರು.

"ಏನು ದೊಡ್ಡವ್ವ ಇದು?"

"ತಿನ್ನು ಯವ್ವಾ. ಆ ಮುದುಕಿ ಬಚ್ಚಲದಾಗ ಜಾರಿ ಬಿದ್ದು ಸೊಂಟ ಮುರಕೊಂಡಾಳಂತ." ದನಿ ತಗ್ಗಿಸಿದಳು. "ಮಗಳು ಇನ್ನಾ ಚಲೋ ಅದಾಳ."

ಮೊರ ಎತ್ತಿಕೊಂಡು ಆಕೆಯ ಹಿಂದೆಯೇ ನಡೆದೆ. ಆಕೆಯ ಕಟ್ಟೆಯ ಮೇಲೆ ಅದನ್ನು ಇಟ್ಟು, ಓಣಿಗೆಲ್ಲ ಕೇಳುವಂತೆ ಅಂದೆ: "ನನಗ ಬರಂಗಿಲ್ಲ ದೊಡ್ಡವ್ವ. ಏನೂ ಬರಂಗಿಲ್ಲ. ಆ ಮುದುಕಿ ತಾನ ಬಿದ್ದಾಳ."

ನಾಲ್ಕು ಜನರೂ ನನ್ನನ್ನು ನೋಡಿದರು, ಆಮೇಲೆ ಆಕೆಯನ್ನು. ಯಾವ ಮುದುಕಿ ಅಂತ ಯಾರೂ ಕೇಳಲಿಲ್ಲ. ಅವರಿಗೆಲ್ಲ ಆಗಲೇ ಗೊತ್ತಿತ್ತು. ದೊಡ್ಡವ್ವ ನಗುತ್ತ, "ಹೌದು ಯವ್ವಾ, ತಾನ ಬಿದ್ದಾಳ," ಅಂದಳು. ಅವರಲ್ಲಿ ಒಬ್ಬಳು, ನಲ್ಲಿಯ ಹತ್ತಿರ ನನಗೆ ಜಾಗ ಬಿಡುತ್ತಿದ್ದವಳು, ನನ್ನ ಹಿಂದೆಯೇ ನಮ್ಮ ಮನೆಯವರೆಗೂ ಬಂದು, ಏನೋ ಕೇಳಬೇಕೆಂದು ಬಾಗಿಲಲ್ಲಿ ನಿಂತಳು. ನಾನು ಕದ ಹಾಕಿದೆ. ಅವಳು ಬಹಳ ಹೊತ್ತು ಅಲ್ಲೇ ಇದ್ದಳು. ಅವಳ ಬಳೆಯ ಸದ್ದು ಕೇಳುತ್ತಿತ್ತು.

ಎಮ್ಮಿಗನೂರಿನಲ್ಲಿ ಮನೆ ಸಿಕ್ಕಿದೆ. ಶಾಲೆಯ ವರ್ಷ ಮುಗಿದ ಮೇಲೆ ಹೋಗುತ್ತೇವೆ. ಅಲ್ಲಿಯವರೆಗೂ ಹೊಳೆಯಾಚೆಯಿಂದ ಬರುವ ಹಾಲಿನವನನ್ನು ದಿನಾ ನಿಲ್ಲಿಸಿ ಕೇಳುತ್ತೇನೆ: ಆ ಮನೆಯವರು ಹೇಗಿದ್ದಾರೆ, ಮುದುಕಿ ಎದ್ದಳೇ, ಮಗಳ ಮೈ ಹುಷಾರೇ? ಅವರಿಬ್ಬರ ಮುಖವನ್ನು ನಾನು ನೋಡಿಲ್ಲ. ಆದರೂ ದೇವರ ಮುಂದೆ ದೀಪ ಹಚ್ಚುವಾಗ ಗಂಡನ ಹೆಸರಿಗಿಂತ ಮೊದಲು ಅವರೇ ನೆನಪಾಗುತ್ತಾರೆ. ನಿನ್ನೆ ಹಾಲಿನವ, ಮುದುಕಿ ಕೋಲು ಹಿಡಿದು ಅಂಗಳದವರೆಗೂ ಬಂದಳು ಅಂದ. ಮಗಳಿಗೆ ಸ್ವಲ್ಪ ಕೆಮ್ಮಂತೆ.